ಕಲ್ಲಿದ್ದಲೋ ಎಣ್ಣೆಯೋ: ನೀಲಗಿರಿ ಉಗಿ ಎಂಜಿನ್ನಿನ ಉರುವಲಿನ ಕಥೆ

ಮೈಸೂರಿನಿಂದ ಗುಂಡ್ಲುಪೇಟೆ ಹಾದು ಊಟಿಗೆ ಹೋಗುವ ನಮ್ಮ ಕಡೆಯವರು ಹೆಚ್ಚಾಗಿ ಊಟಿಯಿಂದ ಕೂನೂರಿನವರೆಗೆ ರೈಲು ಹತ್ತಿ ಇಳಿದುಬಿಡುತ್ತಾರೆ. ಅಲ್ಲಿ ಸಾಮಾನ್ಯವಾಗಿ ಗಾಡಿ ಎಳೆಯುವುದು ಡೀಸೆಲ್. ಉಗಿ ಎಂಜಿನ್ನಿನ ನಿಜವಾದ ದುಡಿಮೆ ಕೂನೂರಿನ ಕೆಳಗೆ, ಬೆಟ್ಟದ ಬುಡದ ಕಲ್ಲಾರಿನವರೆಗಿನ ಘಾಟಿಯಲ್ಲಿ. ಅಲ್ಲಿ ಹಳಿ ಸುಮಾರು 12 ಅಡಿಗೆ ಒಂದಡಿ ಏರುತ್ತದೆ.

ಕೂನೂರಿಗೆ ರೈಲು ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ. ಈ ಘಾಟಿ ಹತ್ತುವ ‘ಎಕ್ಸ್’ ವರ್ಗದ ಉಗಿ ಎಂಜಿನ್‌ಗಳು 1914ರಿಂದ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಿಂದ ಬಂದವು. 1952ರ ಕೊನೆಯ ಕಂತು ಸೇರಿ ಒಟ್ಟು 17.

ಇವುಗಳಿಗೆ ನಾಲ್ಕು ಸಿಲಿಂಡರ್. ಸಮತಟ್ಟಿನಲ್ಲಿ ಕೆಳಗಿನ ಎರಡು ಮಾತ್ರ ಚಕ್ರ ತಿರುಗಿಸುತ್ತವೆ. ಹಳಿಗಳ ನಡುವೆ ಹಲ್ಲುಪಟ್ಟಿ (ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಹತ್ತುವ ಪಟ್ಟಿ) ಶುರುವಾದ ಕೂಡಲೇ ಕೆಳಗಿನವು ಬಿಟ್ಟ ಉಗಿ ಮೇಲಿನ ಎರಡಕ್ಕೆ ಹೋಗಿ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಹಲ್ಲುಪಟ್ಟಿ ಎರಡು ಸಾಲು. ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗಿರುತ್ತದೆ, ಹಾಗಾಗಿ ಹಿಡಿತ ಎಂದೂ ಪೂರ್ತಿ ಬಿಡುವುದಿಲ್ಲ. ಎಂಜಿನ್ ಯಾವಾಗಲೂ ಗಾಡಿಯ ಇಳಿಜಾರಿನ ತುದಿಯಲ್ಲೇ ಇದ್ದು ತಳ್ಳುತ್ತದೆ. ಕೊಂಡಿ ಕಳಚಿದರೂ ಬೋಗಿಗಳು ಕೆಳಗೆ ಓಡಬಾರದಲ್ಲ! ಒಂದೊಂದು ಬೋಗಿಗೂ ಒಬ್ಬ ಬ್ರೇಕ್‌ಮ್ಯಾನ್ ಬೇರೆ.

ಇಂಥ ಏರಿನಲ್ಲಿ ಗಂಟೆಗಟ್ಟಲೆ ಉಗಿಯ ಒತ್ತಡ ಬೀಳದಂತೆ ನೋಡಿಕೊಳ್ಳಬೇಕು. ತೊಂದರೆ ಕೊಟ್ಟದ್ದು ಕಲ್ಲಿದ್ದಲೇ. ಬೂದಿ ಹೆಚ್ಚಿರುವ ಕಲ್ಲಿದ್ದಲು ಜಾಲರಿ ಮೇಲೆ ಕಿಟ್ಟಗಟ್ಟಿದರೆ ಗಾಳಿ ಆಡುವುದಿಲ್ಲ, ಬೆಂಕಿ ಮಂಕಾಗುತ್ತದೆ, ಗಾಡಿ ನಡುದಾರಿಯಲ್ಲೇ ನಿಲ್ಲುತ್ತದೆ. ಚಿಮಣಿಯ ಕಿಡಿ ಬೇಸಗೆಯ ಒಣಹುಲ್ಲಿಗೆ ಬಿದ್ದರೆ ಕಾಡ್ಗಿಚ್ಚಿನ ಭಯ. ಏರಿನಲ್ಲಿ ಬಾಯ್ಲರಿನೊಳಗಿನ ನೀರೂ ವಾಲುವುದರಿಂದ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟವನ್ನು ಸದಾ ನೋಡುತ್ತಿರಬೇಕು. ಬೆಂಕಿಗೂಡಿನ ಮೇಲ್ತಗಡು ನೀರಿನಿಂದ ಹೊರಬಂದರೆ ಕಾದು ಮೆತ್ತಗಾಗಿ ಕುಸಿಯುತ್ತದೆ.

ಅದಕ್ಕೇ 2002ರ ಸುಮಾರಿಗೆ ತಿರುಚಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ಎಣ್ಣೆಯ ಪ್ರಯೋಗ ಶುರುವಾಯಿತು. ಎಣ್ಣೆಯನ್ನು ಉಗಿಯ ಸೆಳೆತದಿಂದ ಮಂಜಿನಂತೆ ಚಿಮ್ಮಿಸಿ ಉರಿಸುತ್ತಾರೆ. ನೇರ ಜ್ವಾಲೆ ತಗಡನ್ನು ಸುಡದಂತೆ ಬೆಂಕಿಗೂಡಿಗೆ ಶಾಖ ತಡೆಯುವ ಇಟ್ಟಿಗೆ ಕಟ್ಟುತ್ತಾರೆ. ಇದಕ್ಕೂ ಹದ ಬೇಕು. ಗಾಳಿ ಕಡಿಮೆಯಾದರೆ ಕರಿಹೊಗೆ ಎದ್ದು ಕೊಳವೆಗಳೊಳಗೆ ಮಸಿ ಕೂರುತ್ತದೆ, ನೀರಿಗೆ ಶಾಖ ಮುಟ್ಟುವುದಿಲ್ಲ.

2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ರೈಲಿಗೆ ಎಣ್ಣೆ ಸಲ್ಲದು ಎಂದವರಿದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಉಳಿಯಬೇಕಾದದ್ದು ಉಗಿಯಿಂದ ಬೆಟ್ಟ ಹತ್ತುವ ಆ ನಾಲ್ಕು ಸಿಲಿಂಡರಿನ ಕಸುಬು. ಅದು ಉಳಿದದ್ದು ಎಣ್ಣೆಯಿಂದಲೇ. ಸವೆದ ಹಳೆಯವನ್ನೇ ತೇಪೆ ಹಾಕುತ್ತ ಕೂರದೆ ಗೋಲ್ಡನ್ ರಾಕ್‌ನವರು 2011ರಿಂದ ಎಣ್ಣೆಯ ಹೊಸ ಎಂಜಿನ್‌ಗಳನ್ನೇ ಕಟ್ಟಿದರು. ಈಚೆಗೆ ಕಲ್ಲಿದ್ದಲಿನದ್ದನ್ನೂ ಕಟ್ಟಿದ್ದಾರೆ. ಉರುವಲು ಯಾವುದೇ ಇರಲಿ, ದಾರಿಯ ನಡುವಿನ ಹಿಲ್‌ಗ್ರೋವ್ ನಿಲ್ದಾಣದಲ್ಲಿ ನಿಂತು ನೀರು ತುಂಬಿಸಿಕೊಳ್ಳದೆ ಯಾವ ಎಂಜಿನ್ನೂ ಕೂನೂರು ಮುಟ್ಟುವುದಿಲ್ಲ.