ರಾಡೋ, ಡಂಬೆಲ್ಲೋ? ಬೆಂಚಿನ ಮೇಲಿನ ತೂಕದ ಲೆಕ್ಕ

ಬೆಂಚ್ ಪ್ರೆಸ್‌ನಲ್ಲಿ, ಅಂದರೆ ಬೆಂಚಿನ ಮೇಲೆ ಮಲಗಿ ತೂಕವನ್ನು ಎದೆಯಿಂದ ಮೇಲಕ್ಕೆ ಒತ್ತುವಾಗ, ರಾಡಿನಲ್ಲಿ (ಬಾರ್‌ಬೆಲ್) 60 ಕೆ.ಜಿ. ಎಂಟು ಸಲ ಎತ್ತುವ ಹುಡುಗನ ಕೈಗೆ 30 ಕೆ.ಜಿ.ಯ ಎರಡು ಡಂಬೆಲ್ ಕೊಟ್ಟು ನೋಡಿ. ಕಾಗದದ ಮೇಲೆ ಎರಡೂ ಒಂದೇ ತೂಕ. ಬೆಂಚಿನ ಮೇಲೆ ಮಾತ್ರ ಎರಡನೇ ರೆಪ್‌ಗೇ (ಒಂದು ಸಲ ಇಳಿಸಿ ಎತ್ತಿದರೆ ಒಂದು ರೆಪ್) ಎಡಗೈ ಹೊರಕ್ಕೆ ವಾಲಿ, ಮಣಿಕಟ್ಟು ಹಿಂದಕ್ಕೆ ಬಾಗಿ, ಪಕ್ಕದಲ್ಲಿದ್ದವರು ಓಡಿಬರಬೇಕಾಗುತ್ತದೆ. ಹುಡುಗನ ಶಕ್ತಿ ಕುಂದಿದ್ದಲ್ಲ, ಕೆಲಸವೇ ಬೇರೆ. 2011ರಲ್ಲಿ ನಾರ್ವೆಯ ಸಂಶೋಧಕರು ಪಳಗಿದ 12 ಗಂಡಸರಲ್ಲಿ ಇದನ್ನು ಅಳೆದರು. ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ತೂಕ, ಎರಡೂ ಡಂಬೆಲ್ ಸೇರಿಸಿದರೂ, ರಾಡಿಗಿಂತ ಸುಮಾರು ಶೇ 17ರಷ್ಟು ಕಡಿಮೆ ಬಂತು. ಎದೆಯ ಸ್ನಾಯು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಮ ದುಡಿದಿತ್ತು. ಡಂಬೆಲ್‌ನಲ್ಲಿ ತೋಳಿನ ಹಿಂಭಾಗದ ಸ್ನಾಯು ಟ್ರೈಸೆಪ್ಸ್‌ನ ದುಡಿಮೆ ತಗ್ಗಿತ್ತು, ಮುಂಭಾಗದ ಬೈಸೆಪ್ಸ್‌ನದು ಏರಿತ್ತು.

ಹೀಗೇಕೆ ಎಂಬುದನ್ನು ಕೈಯಲ್ಲೇ ಕಾಣಬಹುದು. ರಾಡ್ ಒತ್ತುವಾಗ ಅಂಗೈಗಳು ಅದನ್ನು ಮೇಲಕ್ಕಷ್ಟೇ ಅಲ್ಲ, ಸ್ವಲ್ಪ ಹೊರಕ್ಕೂ ತಳ್ಳುತ್ತವೆ. ಕಬ್ಬಿಣ ಹಿಗ್ಗುವುದಿಲ್ಲವಾದ್ದರಿಂದ ಕೈ ಜರುಗುವುದಿಲ್ಲ, ಆ ತಳ್ಳು ಮೊಣಕೈಯನ್ನು ನೆಟ್ಟಗೆ ಮಾಡುವ ಟ್ರೈಸೆಪ್ಸ್‌ಗೆ ಕೆಲಸ ಕೊಡುತ್ತದೆ. ಡಂಬೆಲ್ಲನ್ನು ಹೊರಕ್ಕೆ ತಳ್ಳಿದರೆ ಅದು ಹೊರಟೇ ಹೋಗುತ್ತದೆ. ಹಾಗಾಗಿ ಮುಂಗೈಯನ್ನು ಗಾರೆಯವರ ತೂಗುಗುಂಡಿನ ದಾರದಂತೆ ನೆಟ್ಟಗೆ ಇಟ್ಟುಕೊಂಡೇ ಏರಿಸಬೇಕು. ಆ ನೆಟ್ಟಗಿನ ಕಾವಲಿಗೆ ಬೈಸೆಪ್ಸ್ ಬೇಕು, ಟ್ರೈಸೆಪ್ಸ್‌ಗೆ ಒತ್ತಲು ಆಸರೆ ಸಿಗುವುದಿಲ್ಲ. ಬರೀ ಡಂಬೆಲ್ ಹೊಡೆದು ಕೈಯ ಹಿಂಭಾಗ ಬೆಳೆಯಲಿಲ್ಲ ಎಂದು ಕೊರಗುವವರಿಗೆ ಕಾರಣ ಇಲ್ಲೇ ಇದೆ.

ಇನ್ನೊಂದು ನಂಬಿಕೆ ಶಿವಮೊಗ್ಗದ ಗೋಪಾಳದಿಂದ ಸಾಗರದವರೆಗೂ ಎಲ್ಲ ಜಿಮ್‌ಗಳಲ್ಲೂ ಉಂಟು: ಮೇಲೆ ಹೋದಾಗ ಎರಡೂ ಡಂಬೆಲ್ಲನ್ನು ಠಣ್ ಎಂದು ತಾಗಿಸಿದರೆ ಎದೆಯ ನಡುವೆ ಗೆರೆ ಮೂಡುತ್ತದೆ ಎಂಬುದು. ತೂಕ ಎಳೆಯುವುದು ಕೆಳಕ್ಕೆ, ಪಕ್ಕಕ್ಕಲ್ಲ. ಕೈ ನೆಟ್ಟಗಾಗಿ ಡಂಬೆಲ್ ಭುಜದ ಮೇಲೆ ನಿಂತಾಗ ಭಾರವನ್ನು ಮೂಳೆ ಹೊರುತ್ತದೆ, ಎದೆಗೆ ಆಗ ವಿರಾಮ. ಠಣ್ ಶಬ್ದದಿಂದ ಸಡಿಲವಾಗುವುದು ಡಂಬೆಲ್ಲಿನ ಬೋಲ್ಟ್ ಮಾತ್ರ. ಎದೆಗೆ ನಿಜವಾದ ಕೆಲಸ ಇರುವುದು ಕೆಳಗಿನ ಅರ್ಧದಲ್ಲಿ. ಅಲ್ಲಿ ಡಂಬೆಲ್‌ಗೆ ಒಂದು ಅನುಕೂಲವೂ ಉಂಟು: ರಾಡ್ ಎದೆಗೆ ತಾಗಿ ನಿಲ್ಲುತ್ತದೆ, ಡಂಬೆಲ್ ಇನ್ನೂ ಸ್ವಲ್ಪ ಇಳಿಯುತ್ತದೆ. ಆದರೆ ಹಿಡಿ ಎದೆಯ ಮಟ್ಟಕ್ಕೆ ಬಂದರೆ ಸಾಕು. ಅದಕ್ಕಿಂತ ಕೆಳಕ್ಕೆ ಜೋತು ಬಿಟ್ಟರೆ ಭಾರವೆಲ್ಲ ಭುಜದ ಮುಂಭಾಗದ ಮೇಲೆ ಬೀಳುತ್ತದೆ.

ಎರಡರ ನಡುವಿನ ದೊಡ್ಡ ವ್ಯತ್ಯಾಸ ಬೇರೆಯೇ ಇದೆ, ಅದು ತೂಕ ಏರಿಸುವ ಮೆಟ್ಟಿಲು. ನಮ್ಮಲ್ಲಿ ಡಂಬೆಲ್‌ಗಳು ಸಾಮಾನ್ಯವಾಗಿ 2.5 ಕೆ.ಜಿ. ಅಂತರದಲ್ಲಿ ಸಿಗುತ್ತವೆ. 12.5ರಿಂದ 15ಕ್ಕೆ ಹೋದರೆ ಶೇ 20ರ ಜಿಗಿತ. ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ 5ರಿಂದ 7.5 ಎಂದರೆ ಶೇ 50. ರಾಡಿಗಾದರೆ ಎರಡು ಬದಿಗೂ 1.25ರ ಪ್ಲೇಟ್ ಹಾಕಿ 50ರಿಂದ 52.5ಕ್ಕೆ ಹೋಗಬಹುದು, ಬರೀ ಶೇ 5. ವಾರವಾರ ಏರಿಸಬೇಕೆಂದರೆ ರಾಡೇ ಸರಿ. ಡಂಬೆಲ್‌ನಲ್ಲಿ ಏರಿಸಬೇಕಾದದ್ದು ಮೊದಲು ರೆಪ್. 12.5ರಲ್ಲಿ ಮೂರು ಸೆಟ್‌ಗೂ (ನಡುವೆ ನಿಲ್ಲಿಸದೆ ಮಾಡುವ ರೆಪ್‌ಗಳ ಒಂದು ಸುತ್ತು ಒಂದು ಸೆಟ್) 12 ಬರುವ ತನಕ ಅಲ್ಲೇ ಇರಿ, ಆಮೇಲೆ 15 ಹಿಡಿಯಿರಿ. ಆಗ 8ಕ್ಕೆ ಇಳಿಯುತ್ತದೆ, ಇಳಿಯಲಿ. ಮಧ್ಯದ ಮೆಟ್ಟಿಲು ಬೇಕೇ ಬೇಕೆಂದರೆ ಮಣಿಕಟ್ಟಿಗೆ ಕಟ್ಟುವ ಅರ್ಧ ಕೆ.ಜಿ.ಯ ಮರಳು ಪಟ್ಟಿ ಕೆಲಸಕ್ಕೆ ಬರುತ್ತದೆ.

ರಾಡಿನ ಲೆಕ್ಕಕ್ಕೆ ಇಳಿಯುವ ಮೊದಲು ರಾಡನ್ನೇ ತೂಗಿ. ‘ರಾಡ್ 20 ಕೆ.ಜಿ.’ ಎಂದು ಬರೆದುಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಆ 20 ಕೆ.ಜಿ. 2.2 ಮೀಟರ್ ಉದ್ದದ, ತುದಿಯ ತೋಳು 50 ಮಿ.ಮೀ. ದಪ್ಪವಿರುವ ಒಲಿಂಪಿಕ್ ರಾಡಿನದು. ತೀರ್ಥಹಳ್ಳಿ, ಹೊಸನಗರದ ಕಡೆಯ ಸಣ್ಣ ಜಿಮ್‌ಗಳಲ್ಲಿ ಹೆಚ್ಚಾಗಿ ಕಾಣುವ ನೇರ ರಾಡ್ ಅದಲ್ಲ. 28 ಮಿ.ಮೀ. ದಪ್ಪದ ಗಟ್ಟಿ ಉಕ್ಕಿನ ಸರಳು ಮೀಟರಿಗೆ ಸುಮಾರು 4.8 ಕೆ.ಜಿ. ತೂಗುತ್ತದೆ, ಅಂದರೆ 5 ಅಡಿಯ ರಾಡ್ 7.4 ಕೆ.ಜಿ., 6 ಅಡಿಯದು 8.8 ಕೆ.ಜಿ. ದಪ್ಪ 25 ಮಿ.ಮೀ. ಆದರೆ 5 ಅಡಿಗೆ 6 ಕೆ.ಜಿ.ಯೂ ಇಲ್ಲ. ಹನ್ನೊಂದು, ಹನ್ನೆರಡು ಕೆ.ಜಿ. ಗಾಳಿಯನ್ನು ಲೆಕ್ಕಕ್ಕೆ ಸೇರಿಸಿಕೊಂಡು, ಶಿವಮೊಗ್ಗದ ದೊಡ್ಡ ಜಿಮ್‌ಗೆ ಬಂದ ದಿನ ‘ಯಾಕೋ ಎತ್ತಕ್ಕೇ ಆಗ್ತಿಲ್ಲ’ ಎನ್ನುವವರು ಕಡಿಮೆಯಿಲ್ಲ. ಎರಕದ ಪ್ಲೇಟುಗಳೂ ಹಾಗೆಯೇ, ಮೇಲೆ ಬರೆದದ್ದು ಒಂದು, ತೂಗಿದರೆ ಇನ್ನೊಂದು. ಮನೆಯಲ್ಲಿ ಅಡಿಕೆ ತೂಗುವ ಎಲೆಕ್ಟ್ರಾನಿಕ್ ಕಾಟಾ ಇದ್ದರೆ ಒಂದು ಭಾನುವಾರ ರಾಡ್, ಪ್ಲೇಟ್ ಎಲ್ಲವನ್ನೂ ತೂಗಿ ಬಣ್ಣದಲ್ಲಿ ಬರೆದಿಡಿ. ಹಗುರ ರಾಡ್ ದೋಷವೇನಲ್ಲ. ಮೊದಲ ತಿಂಗಳಿನವರಿಗೆ ಅದೇ ವರ.

ಈಗ ಮಲಗುವ ವಿಧಾನ. ಬೆಂಚಿನ ಮೇಲೆ ಮಲಗಿದಾಗ ಕಣ್ಣು ರಾಡಿನ ಕೆಳಗೆ ಬರಬೇಕು. ಬೆನ್ನಿನ ಎರಡೂ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಕೂಡಿಸಿ ಸೊಂಟದ ಕಡೆಗೆ ಎಳೆದುಕೊಳ್ಳಿ. ಕಡೆಯ ರೆಪ್ ಮುಗಿಯುವವರೆಗೂ ಅದು ಬಿಡಬಾರದು. ಸ್ಟ್ಯಾಂಡಿನ ಕೊಕ್ಕೆ ತೀರಾ ಎತ್ತರದಲ್ಲಿದ್ದರೆ ರಾಡ್ ತೆಗೆಯುವಾಗಲೇ ಭುಜ ಮೇಲೆದ್ದು ಈ ಕಟ್ಟು ಬಿಚ್ಚಿಹೋಗುತ್ತದೆ. ಮೊಣಕೈ ಸ್ವಲ್ಪ ಮಡಿಚಿದ್ದಾಗಲೇ ರಾಡ್ ಕೈಗೆ ಸಿಗುವಷ್ಟು ಎತ್ತರ ಸಾಕು. ಪಾದ ಪೂರ್ತಿ ನೆಲಕ್ಕೆ ಊರಿರಬೇಕು. ಸ್ಪರ್ಧೆಯ ಬೆಂಚು 42ರಿಂದ 45 ಸೆಂ.ಮೀ. ಎತ್ತರ ಇರುತ್ತದೆ. ಊರಿನಲ್ಲಿ ವೆಲ್ಡಿಂಗ್ ಮಾಡಿಸಿದ್ದು ಎಷ್ಟೋ ಸಲ ಅದಕ್ಕಿಂತ ಎತ್ತರ. ಕಾಲು ಎಟುಕದವರು ಪಾದದಡಿ ಒಂದೊಂದು ದಪ್ಪ ಪ್ಲೇಟ್ ಹಾಕಿಕೊಳ್ಳಬೇಕು, ಬೆಂಚಿನ ಮೇಲೆ ಕಾಲು ಮಡಚಿ ಇಟ್ಟುಕೊಳ್ಳುವುದಲ್ಲ.

ಹಿಡಿತ ಬೆರಳಿನ ಬುಡದಲ್ಲಿ ಬೇಡ, ಅಂಗೈಯ ಕೆಳದಿಂಡಿನ ಮೇಲೆ, ಮಣಿಕಟ್ಟಿನ ಮೂಳೆಗೆ ನೇರವಾಗಿ. ಹೆಬ್ಬೆರಳು ರಾಡನ್ನು ಸುತ್ತಿರಲೇಬೇಕು. ಹೆಬ್ಬೆರಳು ಬಿಟ್ಟು ಹಿಡಿಯುವುದು ಹಾಯೆನಿಸುತ್ತದೆ, ಆದರೆ ಬೆವರಿದ ದಿನ ರಾಡ್ ಜಾರಿದರೆ ನೇರ ಕುತ್ತಿಗೆ ಅಥವಾ ಎದೆಯ ಮೇಲೆ ಬೀಳುತ್ತದೆ. ಕೈಗಳ ಅಂತರಕ್ಕೆ ಅಳತೆಪಟ್ಟಿಗಿಂತ ನಂಬಿಕಸ್ಥ ಗುರುತು ಒಂದಿದೆ: ರಾಡ್ ಎದೆಗೆ ತಾಗಿದಾಗ, ಕಾಲಿನ ಕಡೆಯಿಂದ ನೋಡಿದವರಿಗೆ ಮುಂಗೈ ನೆಟ್ಟಗೆ ಕಾಣಬೇಕು. ರಾಡನ್ನು ಎರಡು ಸೆಕೆಂಡಿನಲ್ಲಿ ಎದೆಯ ಕೆಳಭಾಗಕ್ಕೆ, ಮೊಲೆತೊಟ್ಟಿನ ಮಟ್ಟಕ್ಕೋ ತುಸು ಕೆಳಕ್ಕೋ ಇಳಿಸಿ. ತೋಳು ಪಕ್ಕೆಲುಬಿನಿಂದ 45ರಿಂದ 70 ಡಿಗ್ರಿ ದೂರ ಇರಲಿ. ಶಿಲುಬೆಯಂತೆ 90 ಡಿಗ್ರಿ ಅಗಲಿಸಿ ಕುತ್ತಿಗೆಯ ಹತ್ತಿರ ಇಳಿಸುವವರಿಗೆ ಭುಜ ಹಿಡಿದುಕೊಳ್ಳುವುದು ಹೆಚ್ಚು. ಮೇಲೇರುವಾಗ ದಾರಿ ನೆಟ್ಟಗಲ್ಲ, ಸ್ವಲ್ಪ ತಲೆಯ ಕಡೆಗೆ ವಾಲುತ್ತ ಭುಜದ ಮೇಲೆ ಬಂದು ನಿಲ್ಲುತ್ತದೆ.

ಡಂಬೆಲ್‌ನಲ್ಲಿ ಒತ್ತುವುದಕ್ಕಿಂತ ಹತ್ತಿಸಿಕೊಳ್ಳುವುದು, ಇಳಿಸುವುದು ಕಷ್ಟ. ಬೆಂಚಿನ ತುದಿಯಲ್ಲಿ ಕುಳಿತು ಎರಡನ್ನೂ ಮೊಣಕಾಲಿನ ಹತ್ತಿರ ತೊಡೆಯ ಮೇಲೆ ನಿಲ್ಲಿಸಿ, ಹಿಂದಕ್ಕೆ ಮಲಗುವಾಗಲೇ ಒಂದೊಂದು ಮೊಣಕಾಲಿನಿಂದ ಒದ್ದು ಎದೆಯ ಬದಿಗೆ ತನ್ನಿ. ಮುಗಿದ ಮೇಲೆ ಮೊಣಕಾಲುಗಳನ್ನು ಎದೆಯ ಕಡೆಗೆ ಮಡಿಚಿ, ಡಂಬೆಲ್ಲನ್ನು ತೊಡೆಗೆ ಆನಿಸಿ, ತೂಗುಕುರ್ಚಿಯಂತೆ ಎದ್ದು ಕೂರಿ. ಸೆಟ್ ಮುಗಿದ ಸುಸ್ತಿನಲ್ಲಿ ಕೈ ಪಕ್ಕಕ್ಕೆ ಚಾಚಿ ಬಿಟ್ಟುಬಿಡುವುದೇ ಭುಜ ಕೆಡಿಸಿಕೊಳ್ಳುವ ಸುಲಭದ ದಾರಿ. ಸಪೋರ್ಟ್ ಕೊಡುವವರು ಮೊಣಕೈಯ ಕೆಳಗೆ ಕೈ ಕೊಡಬಾರದು. ಮೊಣಕೈ ಮಡಿಚಿದರೆ ಡಂಬೆಲ್ ಮುಖಕ್ಕೇ ಬರುತ್ತದೆ. ಮಣಿಕಟ್ಟಿನ ಹತ್ತಿರ ಹಿಡಿಯಬೇಕು. ಒಂದೊಂದು ಕೈಗೆ 30 ಕೆ.ಜಿ. ದಾಟಿದ ಮೇಲೆ ಈ ಹತ್ತಿಸುವ ಇಳಿಸುವ ಶ್ರಮವೇ ಸೆಟ್ಟನ್ನು ತಿಂದುಹಾಕುತ್ತದೆ. ಅಲ್ಲಿಂದ ಮುಂದೆ ಭಾರದ ಕೆಲಸವನ್ನು ರಾಡಿಗೆ ಬಿಡುವುದು ಜಾಣತನ.

ಒಬ್ಬರೇ ಇರುವ ಹೊತ್ತಿಗೆ ಮಾತ್ರ ಈ ಲೆಕ್ಕ ತಿರುಗುತ್ತದೆ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆದು ತಾವೇ ಲೈಟ್ ಹಾಕಿಕೊಳ್ಳುವ ಜಿಮ್‌ನಲ್ಲಿ, ಬೀಳುವ ರಾಡನ್ನು ತಡೆಯುವ ಅಡ್ಡಕಂಬಿಯಿಲ್ಲದ ಬೆಂಚಿನ ಮೇಲೆ, ರಾಡಿನಲ್ಲಿ ಕಡೆಯ ರೆಪ್‌ವರೆಗೆ ಹೋಗಬೇಡಿ. ಇನ್ನೂ ಒಂದೆರಡು ಬರುತ್ತದೆ ಎನ್ನುವಾಗಲೇ ನಿಲ್ಲಿಸಿ. ಅಂಥ ಕಡೆ ಪ್ಲೇಟಿಗೆ ಲಾಕ್ ಹಾಕದಿರುವುದೇ ಲೇಸು. ರಾಡ್ ಎದೆಯ ಮೇಲೆ ಕೂತುಬಿಟ್ಟರೆ ಒಂದು ಬದಿಗೆ ವಾಲಿಸಿ ಪ್ಲೇಟ್ ಜಾರಿಸಬಹುದು. ಆ ಬದಿ ಖಾಲಿಯಾದೊಡನೆ ಇನ್ನೊಂದು ಬದಿ ಧಡ್ಡನೆ ಕೆಳಗಿಳಿಯುತ್ತದೆ, ಅದಕ್ಕೆ ಸಿದ್ಧವಿರಿ. ತೂಕ ಹೆಚ್ಚಿಲ್ಲದಿದ್ದರೆ ಹೊಟ್ಟೆಯ ಮೇಲಿಂದ ತೊಡೆಯ ಬುಡಕ್ಕೆ ಉರುಳಿಸಿ ಎದ್ದು ಕೂರುವುದೂ ಆಗುತ್ತದೆ. ಕುತ್ತಿಗೆಯ ಕಡೆ ಮಾತ್ರ ಉರುಳಬಾರದು. ಡಂಬೆಲ್ ಆದರೆ ಈ ಪೇಚು ಇಲ್ಲ.

ಅಡಿಕೆ ಕೊಯ್ಲಿನ ಕಾಲದ ಮಾತು ಬೇರೆಯೇ ಹೇಳಬೇಕು. ಉದ್ದನೆಯ ದೋಟಿ ಕೋಲು ಹಿಡಿದು ದಿನವಿಡೀ ಅಡಿಕೆ ಕೊನೆ ಇಳಿಸಿದವರ, ಒಂದೇ ಹೆಗಲಿನಲ್ಲಿ ಮೂಟೆ ಹೊತ್ತವರ ಎರಡು ಭುಜ ಒಂದೇ ಅಲ್ಲ. ರಾಡಿನಲ್ಲಿ ಬಲಗೈ ಎಡಗೈಯ ಸಾಲವನ್ನು ಸದ್ದಿಲ್ಲದೆ ತೀರಿಸುತ್ತಿರುತ್ತದೆ. ಮೊಬೈಲನ್ನು ಕಾಲಿನ ಕಡೆ ನಿಲ್ಲಿಸಿ ವಿಡಿಯೊ ಮಾಡಿದರೆ ಬಲತುದಿ ಮೊದಲು ಏಳುವುದು ಕಾಣುತ್ತದೆ. ಗಾಬರಿಯಾಗುವ ಮೊದಲು ಹಿಡಿತ ನೋಡಿ. ಗುರುತಿನ ಉಂಗುರವಿಲ್ಲದ ರಾಡಿನಲ್ಲಿ ಕೈ ಎರಡು ಬೆರಳು ಆಚೀಚೆ ಆಗಿರುವುದೇ ಹೆಚ್ಚು. ನಡುವಿನಿಂದ ಎರಡೂ ಕಡೆಗೆ 40 ಸೆಂ.ಮೀ. ಅಳೆದು ಇನ್ಸುಲೇಷನ್ ಟೇಪ್ ಸುತ್ತಿ. ಆಮೇಲೂ ವಾಲಿದರೆ ಎಂಟು ವಾರ ಡಂಬೆಲ್. ಎಡಗೈಗೆ ಎಷ್ಟು ಬರುತ್ತದೋ ಅಷ್ಟೇ ಬಲಗೈಗೂ, ಒಂದೂ ಹೆಚ್ಚಿಲ್ಲ. ಭುಜ ನೋಯುತ್ತಿರುವವರು ಅಂಗೈಗಳನ್ನು ಎದುರುಬದುರು ಮಾಡಿ, ಮೊಣಕೈಯನ್ನು ಪಕ್ಕೆಯ ಹತ್ತಿರ ಇಟ್ಟು ಒತ್ತಬಹುದು. ನೇರ ರಾಡಿನಲ್ಲಿ ಈ ಹಿಡಿತ ಸಾಧ್ಯವೇ ಇಲ್ಲ. ನೋವು ರಾತ್ರಿ ನಿದ್ದೆಗೆಡಿಸುವಷ್ಟಿದ್ದರೆ ಬೆಂಚಲ್ಲ, ಮೂಳೆ ವೈದ್ಯರು.

ಎರಡೂ ಸಿಗುವವರಿಗೆ ವಾರಕ್ಕೆ ಎರಡು ದಿನ ಸಾಕು. ಸೋಮವಾರ ರಾಡ್: ಖಾಲಿ ರಾಡಿನಲ್ಲಿ 12, ಆ ದಿನದ ತೂಕದ ಅರ್ಧದಲ್ಲಿ 8, ಮುಕ್ಕಾಲಿನಲ್ಲಿ 3, ಆಮೇಲೆ ಪೂರ್ತಿ ತೂಕದಲ್ಲಿ 5 ರೆಪ್‌ನ ಮೂರು ಸೆಟ್, ನಡುವೆ ಮೂರು ನಿಮಿಷ. ಗುರುವಾರ ಡಂಬೆಲ್, 8ರಿಂದ 12ರ ಮೂರು ಸೆಟ್. 60 ಎತ್ತುವ ಆ ಹುಡುಗನಿಗೆ ಶೇ 17 ಕಳೆದರೆ ಕೈಗೆ 25 ಬರುತ್ತದೆ. ಆದರೂ 20ರಲ್ಲಿ ಶುರುಮಾಡಲಿ, ಮೊದಲ ಎರಡು ವಾರ ಹತ್ತಿಸಿ ಇಳಿಸುವುದನ್ನು ಕಲಿಯಲಿ.

ಮಳೆಗಾಲದಲ್ಲಿ ಕಬ್ಬಿಣಕ್ಕೂ ಆರೈಕೆ ಬೇಕು. ಜೂನ್‌ನಿಂದ ತಗಡಿನ ಮಾಡಿನ ಕೆಳಗೆ ರಾಡಿನ ಒರಟು ಗೀರುಗಳಲ್ಲಿ ತುಕ್ಕು ಕೂರುತ್ತದೆ, ರೆಕ್ಸಿನ್ ಬೂಷ್ಟು ಹಿಡಿದು ಜಾರುತ್ತದೆ. ಬೆನ್ನಡಿಗೆ ಒರಟು ಟವೆಲ್ ಹಾಸಿ. ತಂತಿಯ ಬ್ರಷ್‌ನಿಂದ ಗೀರು ಉಜ್ಜಿ, ಮಿಷನ್ ಎಣ್ಣೆ ಹಚ್ಚಿ, ಹತ್ತಿ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಎಣ್ಣೆ ಉಳಿದರೆ ಅದೂ ಜಾರುತ್ತದೆ. ಡಂಬೆಲ್ಲಿನ ಬೋಲ್ಟನ್ನು ವಾರಕ್ಕೊಮ್ಮೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿ, ಮುಖದ ಮೇಲೆ ಹಿಡಿಯುವ ಮೊದಲು ಒಮ್ಮೆ ಅಲ್ಲಾಡಿಸಿ ಕಿವಿಗೊಡಿ. ರಾಡನ್ನು ತಿಂಗಳಿಗೊಮ್ಮೆ ಸಿಮೆಂಟು ನೆಲದ ಮೇಲೆ ಉರುಳಿಸಿ ನೋಡಿ. ಕುಣಿಯದೆ ಉರುಳಿದರೆ ಸರಿ, ರಾಡಿನ ನಡುಭಾಗ ಮೇಲೆ ಕೆಳಗೆ ಆಡಿದರೆ ಬಾಗಿದೆ ಎಂದರ್ಥ. ಬಾಗಿದ ರಾಡ್ ಕೈಯೊಳಗೆ ತಾನಾಗಿ ತಿರುಗುತ್ತದೆ, ಅದನ್ನು ಬೆಂಚಿಗೆ ಬಳಸಬೇಡಿ.