ಓಕಿನಾವಾದ ಚಿನ್ನದ ನಾಣ್ಯ ಮತ್ತು ಡಾಲರಿನ ಹಳೇ ಲೆಕ್ಕ

ಜಪಾನಿನ ದಕ್ಷಿಣದ ದ್ವೀಪಗಳಾದ ಓಕಿನಾವಾ ಅಮೆರಿಕದ ಕೈಯಿಂದ ಮರಳಿ ಬಂದು 50 ವರ್ಷವಾಯಿತೆಂದು ಜಪಾನ್ ಸರ್ಕಾರ 2022ರಲ್ಲಿ 10,000 ಯೆನ್ ಮುಖಬೆಲೆಯ ಚಿನ್ನದ ನಾಣ್ಯ ಹೊರತಂದಿತು. ಅದರಲ್ಲಿರುವ ಚಿನ್ನದ ಬೆಲೆಯೇ ಮುಖಬೆಲೆಗಿಂತ ಎಷ್ಟೋ ಜಾಸ್ತಿ. ಹಾಗಾಗಿ ಅದನ್ನು ಯಾರೂ ಅಂಗಡಿಯಲ್ಲಿ ಕೊಟ್ಟು ಸಾಮಾನು ತರುವುದಿಲ್ಲ. ಆದರೆ ಓಕಿನಾವಾದ ಹಿರಿಯರಿಗೆ ಯೆನ್ ಎಂದರೆ ಬೇರೆಯೇ ಒಂದು ಕಥೆ ಇದೆ.

ಓಕಿನಾವಾ ಒಂದು ಕಾಲಕ್ಕೆ ರ್‍ಯುಕ್ಯು ಎಂಬ ಪ್ರತ್ಯೇಕ ರಾಜ್ಯ. 1879ರಲ್ಲಿ ಜಪಾನ್ ಇದನ್ನು ತನ್ನೊಳಗೆ ಸೇರಿಸಿಕೊಂಡಿತು. 1945ರ ಯುದ್ಧದಲ್ಲಿ ಇಲ್ಲಿ ಸತ್ತವರು ಸುಮಾರು 2 ಲಕ್ಷ. ಅದರಲ್ಲಿ ಅರ್ಧಕ್ಕೂ ಹೆಚ್ಚು ಜನ ಓಕಿನಾವಾದವರೇ. ಯುದ್ಧ ಸೋತು ಅಮೆರಿಕದ ಹಿಡಿತದಲ್ಲಿದ್ದ ಜಪಾನ್ 1952ರಲ್ಲಿ ಸ್ವತಂತ್ರವಾದಾಗಲೂ ಈ ದ್ವೀಪಗಳು ಅಮೆರಿಕದ ಹತ್ತಿರವೇ ಉಳಿದವು. ಟೋಕಿಯೋಗೆ ಹೋಗಬೇಕೆಂದರೆ ಪ್ರಯಾಣದ ದಾಖಲೆ ಬೇಕಿತ್ತು. 1958ರಿಂದ ಜೇಬಿನಲ್ಲಿದ್ದದ್ದು ಡಾಲರ್.

1971ರ ಜೂನ್‌ನಲ್ಲಿ ಮರಳಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಆಗ ಒಂದು ಡಾಲರಿಗೆ 360 ಯೆನ್. ಎರಡೇ ತಿಂಗಳಲ್ಲಿ ಅಧ್ಯಕ್ಷ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ನಂಟು ಕಡಿದರು. ಡಾಲರ್ ಕುಸಿಯಿತು. ಯಾರೋ ವಾಷಿಂಗ್ಟನ್‌ನಲ್ಲಿ ತೆಗೆದುಕೊಂಡ ತೀರ್ಮಾನಕ್ಕೆ ಇಲ್ಲಿನ ಅಂಗಡಿಯವರ, ಕೂಲಿಯವರ ಉಳಿತಾಯ ಕರಗಿತು. ಅದೇ ಅಕ್ಟೋಬರ್‌ನಲ್ಲಿ ಮುನ್ಸೂಚನೆ ಕೊಡದೆ ಜನರ ಕೈಯಲ್ಲಿದ್ದ ಡಾಲರುಗಳನ್ನು ಎಣಿಸಿದರು. ಆ ಹಣಕ್ಕೆ 360ರ ಲೆಕ್ಕದಲ್ಲಿ ಉಂಟಾಗುವ ಕೊರತೆ ತುಂಬಿಕೊಡುವುದಾಗಿ ಹೇಳಿದರು. ಆಮೇಲೆ ದುಡಿದದ್ದು ಅದರಲ್ಲಿ ಸೇರಲಿಲ್ಲ. 1972ರ ಮೇ 15ರಂದು ಯೆನ್ ಬಂದಾಗ ವಿನಿಮಯ ದರ 305. ಅಂದರೆ ಆ ಎಣಿಕೆಗೆ ಸೇರದ ಪ್ರತಿ 100 ಡಾಲರಿಗೆ 5,500 ಯೆನ್ ಹೋಯಿತು! ಬೆಲೆಗಳೂ ಏರಿದವು. ಸ್ಮರಣಾರ್ಥ ನಾಣ್ಯಕ್ಕೆ ಚಿನ್ನವನ್ನೇ ಆರಿಸಿದವರಿಗೆ ಈ ನಂಟು ಹೊಳೆದಿತ್ತೋ ಇಲ್ವೋ.

ಹಣದ ಲೆಕ್ಕ ಹೇಗೋ ಮುಗಿಯಿತು, ನೆಲದ್ದು ಮುಗಿದಿಲ್ಲ. ಜಪಾನಿನ ನೆಲದಲ್ಲಿ ಓಕಿನಾವಾದ ಪಾಲು 0.6%. ಅಮೆರಿಕ ಸೇನೆಗೆಂದೇ ಮೀಸಲಿಟ್ಟ ಜಾಗದಲ್ಲಿ ಅದರ ಪಾಲು ಸುಮಾರು 70%. ಅಮೆರಿಕದ ಫುಟೆನ್ಮಾ ವಾಯುನೆಲೆಯನ್ನು ಓಕಿನಾವಾದಲ್ಲೇ ಇರುವ ಹೆನೊಕೊ ಕರಾವಳಿಗೆ ಸಾಗಿಸಲು ಕಡಲು ತುಂಬಿಸುವುದು ಬೇಡ ಎಂದು 2019ರ ಜನಮತದಲ್ಲಿ ಮತ ಹಾಕಿದವರಲ್ಲಿ ಸುಮಾರು 72% ಜನ ಹೇಳಿದರು. ಆ ಮತಕ್ಕೆ ಕಾನೂನಿನ ಬಲ ಇರಲಿಲ್ಲ. ಟೋಕಿಯೋ ಕೆಲಸ ನಿಲ್ಲಿಸಲೂ ಇಲ್ಲ.