ಸಾಂಬ್ರಾ ನಿಲ್ದಾಣದ ಬೋರ್ಡ್ ಯಾಕೆ ಪದೇ ಪದೇ ಬದಲಾಗುತ್ತದೆ?

ಬೆಳಗಾವಿಯಿಂದ, ಅಂದರೆ ಊರ ಹೊರಗಿನ ಸಾಂಬ್ರಾ ವಿಮಾನ ನಿಲ್ದಾಣದಿಂದ, ಹೊಸ ಊರಿಗೆ ವಿಮಾನ ಶುರುವಾಗುತ್ತದೆ ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ರಿಬ್ಬನ್, ಕೇಕ್, ಮೊದಲ ಪ್ರಯಾಣಿಕರ ಕೈಗೊಂದು ಗುಲಾಬಿ. ಸ್ವಲ್ಪ ದಿನ ಕಳೆದ ಮೇಲೆ ಅದೇ ಪತ್ರಿಕೆಯ ಒಳಪುಟದಲ್ಲಿ ಇನ್ನೊಂದು ಸುದ್ದಿ: ಇಂಥ ಊರಿನ ವಿಮಾನ ಬಂದ್. ಸೂರತ್ ಇನ್ನೂ ಇದೆಯಾ? ನಾಸಿಕ್ ನಿಂತಿತಾ? ಮೈಸೂರಿಗೂ ಒಂದು ಇತ್ತಲ್ವಾ? ಮೂರು ಜನರನ್ನು ಕೇಳಿದರೆ ಮೂರು ಉತ್ತರ. ಇದರ ಜೊತೆಗೆ ಊರಲ್ಲಿ ಒಂದು ಹಳೇ ದೂರು ಓಡಾಡುತ್ತಿರುತ್ತದೆ: ‘ನಮ್ಮ ವಿಮಾನ ಎಲ್ಲಾ ಹುಬ್ಬಳ್ಳಿಗೆ ಒಯ್ದರು.’ ಆ ದೂರು ಎಲ್ಲಿಂದ ಬಂತು, ಅದರಲ್ಲಿ ಎಷ್ಟು ಹುರುಳಿದೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರಬೇಕು.

ಸಾಂಬ್ರಾದ ರನ್‌ವೇ 1942ರದ್ದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ವಾಯುಪಡೆ ಅದನ್ನು ಕಟ್ಟಿತು. ಸ್ವಾತಂತ್ರ್ಯದ ನಂತರ ಅಲ್ಲಿ ನಮ್ಮ ವಾಯುಪಡೆಯ ತರಬೇತಿ ಕೇಂದ್ರ ಬೆಳೆಯಿತು. ಬಹಳ ಕಾಲ ಊರಿನ ಹೆಚ್ಚಿನವರಿಗೆ ವಿಮಾನ ಅಂದರೆ ತಲೆ ಮೇಲೆ ಹೋಗುವ ಸದ್ದು ಅಷ್ಟೇ. ಸಣ್ಣ ಊರುಗಳಿಗೆಂದೇ 1981ರಲ್ಲಿ ಹುಟ್ಟಿದ್ದ ಸರ್ಕಾರಿ ವಾಯುದೂತ್ 90ರ ದಶಕ ಮುಗಿಯುವುದರೊಳಗೆ ಮಾಯವಾಗಿತ್ತು.

2003ರಲ್ಲಿ ಏರ್ ಡೆಕ್ಕನ್ ಬಂತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಕಂಪನಿ. ದೇಶದ ಮೊದಲ ಕಡಿಮೆ ದರದ ವಿಮಾನ. ಊಟ ಬೇಕಾದರೆ ದುಡ್ಡು ಕೊಡು, ಬೇಗ ಇಳಿ, ಬೇಗ ಹತ್ತು, ವಿಮಾನ ನೆಲದ ಮೇಲೆ ನಿಂತಷ್ಟೂ ನಷ್ಟ. ಇದು ಆ ವ್ಯವಹಾರದ ಲೆಕ್ಕ. ಎಟಿಆರ್ ಎಂಬ ಪ್ರೊಪೆಲರ್ ಇಂಜಿನ್ನಿನ ಸಣ್ಣ ವಿಮಾನಗಳಲ್ಲಿ ಹುಬ್ಬಳ್ಳಿಯಂಥ ಊರಿನ ಜನ ಬೆಂಗಳೂರಿಗೆ ಹೋಗಿಬಂದರು. ಕೆಲವೇ ವರ್ಷಗಳಲ್ಲಿ ಕಂಪನಿ ಕಿಂಗ್‌ಫಿಷರ್ ಪಾಲಾಯಿತು, ಹೆಸರು ಕಿಂಗ್‌ಫಿಷರ್ ರೆಡ್ ಆಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತುಹೋಯಿತು. ಸಣ್ಣ ಊರುಗಳ ಬಹಳಷ್ಟು ರೂಟ್‌ಗಳು ಅದಕ್ಕೂ ಮುಂಚೆಯೇ ಒಂದೊಂದಾಗಿ ಕಡಿಮೆಯಾಗಿದ್ದವು. ಕಷ್ಟ ಬಂದಾಗ ಮೊದಲು ಕತ್ತರಿ ಬೀಳುವುದು ನಮ್ಮಂಥ ಊರಿಗೇ.

ಆ ನಡುವೆ ಸಾಂಬ್ರಾದಲ್ಲಿ ಜಮೀನು ಪಡೆದು ರನ್‌ವೇ ಉದ್ದ ಮಾಡುವ ಕೆಲಸ ನಡೆಯುತ್ತಿತ್ತು. 1,830 ಮೀಟರ್ ಇದ್ದದ್ದು 2,300 ಮೀಟರ್ ಆಯಿತು. ಎಟಿಆರ್ ಮಾತ್ರ ಇಳಿಯುತ್ತಿದ್ದ ಜಾಗದಲ್ಲಿ ಏರ್‌ಬಸ್, ಬೋಯಿಂಗ್ ಕೂಡ ಇಳಿಯುವಂತಾಯಿತು. 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಎಲ್ಲಾ ಸರಿಹೋಯ್ತು ಅಂದುಕೊಂಡರು. ನಿಜವಾದ ಗೊಂದಲ ಶುರುವಾಗಿದ್ದು ಅಲ್ಲಿಂದ.

ಅದಕ್ಕೆ ಮೊದಲು ಉಡಾನ್ ಯೋಜನೆ ಏನು ಅಂತ ಹೇಳಿಬಿಡುತ್ತೇನೆ. ‘2,500 ರೂಪಾಯಿಗೆ ವಿಮಾನ’ ಅನ್ನೋದು ಎಲ್ಲರಿಗೂ ಗೊತ್ತು, ಒಳಗಿನ ಲೆಕ್ಕ ಗೊತ್ತಿರುವವರು ಕಡಿಮೆ. 2016ರ ವಿಮಾನಯಾನ ನೀತಿಯಿಂದ ಹುಟ್ಟಿದ ಈ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ನಡುವೆ ಹಾರಿತು. ವಿಮಾನವೇ ಬಾರದ, ಇಲ್ಲವೇ ತೀರಾ ಕಡಿಮೆ ಬರುವ ನಿಲ್ದಾಣಗಳ ಪಟ್ಟಿ ಮಾಡಿ, ಆ ರೂಟ್‌ಗಳನ್ನು ಹರಾಜಿಗಿಡುತ್ತಾರೆ. ‘ನನಗೆ ಇಷ್ಟು ಸಹಾಯಧನ ಸಾಕು’ ಎಂದು ಕಡಿಮೆ ಕೇಳಿದವರಿಗೆ ರೂಟ್ ಸಿಗುತ್ತದೆ. ಸಹಾಯಧನ ಮೂರು ವರ್ಷ. ಆ ಮೂರು ವರ್ಷ ಆ ರೂಟಿನಲ್ಲಿ ಬೇರೆಯವರಿಗೆ ಪ್ರವೇಶವೂ ಇಲ್ಲ. ಬದಲಿಗೆ ಕಂಪನಿ ಸುಮಾರು ಅರ್ಧದಷ್ಟು ಸೀಟುಗಳನ್ನು ನಿಗದಿತ ದರದಲ್ಲೇ ಮಾರಬೇಕು. 500 ಕಿ.ಮೀ. ಅಥವಾ ಒಂದು ಗಂಟೆ ಹಾರಾಟಕ್ಕೆ ಆ ದರ 2,500 ರೂಪಾಯಿಯ ಸುತ್ತಮುತ್ತ, ದೂರ ಹೆಚ್ಚಾದಂತೆ ಅದೂ ಹೆಚ್ಚು. ಉಳಿದರ್ಧ ಸೀಟು ಮಾರುಕಟ್ಟೆ ದರಕ್ಕೆ. 50 ಸೀಟಿನ ವಿಮಾನವಾದರೆ 25 ಜನ ಅಗ್ಗದ ಟಿಕೆಟ್‌ನವರು. ಇಪ್ಪತ್ತಾರನೆಯವನಾಗಿ ಬುಕ್ ಮಾಡಿದವನು ‘ಎಲ್ಲಿದೆ ರೀ 2,500?’ ಅಂತ ಸಿಟ್ಟಾಗುವುದು ಇದಕ್ಕೇ.

ಸಹಾಯಧನದ ಹಣ ಬರುವುದು ದೊಡ್ಡ ಊರುಗಳ ನಡುವಿನ ವಿಮಾನಗಳ ಮೇಲೆ ಹಾಕಿದ ಸುಂಕದಿಂದ. ಅಂದರೆ ಮುಂಬೈ–ದೆಹಲಿ ಪ್ರಯಾಣಿಕ ತನಗೆ ಗೊತ್ತಿಲ್ಲದಂತೆ ಬೆಳಗಾವಿ–ಸೂರತ್ ಪ್ರಯಾಣಿಕನ ಟಿಕೆಟ್‌ಗೆ ತನ್ನ ಪಾಲು ಹಾಕಿದ್ದಾನೆ. ರಾಜ್ಯ ಸರ್ಕಾರದ್ದೂ ಪಾಲಿದೆ. ಸಹಾಯಧನದ ಶೇ. 20 ಭಾಗ ಕೊಡಬೇಕು, ಉಡಾನ್ ನಿಲ್ದಾಣದಲ್ಲಿ ವಿಮಾನ ಇಂಧನದ ತೆರಿಗೆಯನ್ನು ಶೇ. 1ಕ್ಕೆ ಇಳಿಸಬೇಕು. ಕಂಪನಿಗಳ ಖರ್ಚಿನಲ್ಲಿ ಇಂಧನದ ಪಾಲೇ ದೊಡ್ಡದು. ಹಾಗಾಗಿ ಈ ಒಂದು ಪರ್ಸೆಂಟಿನ ಸಾಲು ಸಣ್ಣದಾಗಿ ಕಂಡರೂ, ವಿಮಾನ ಯಾವ ಊರಿನಲ್ಲಿ ಇಳಿಯಬೇಕು ಅನ್ನುವುದನ್ನು ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ.

ಈಗ ಹುಬ್ಬಳ್ಳಿ ವಿಷಯಕ್ಕೆ ಬರೋಣ. 2018ರ ಜನವರಿಯಲ್ಲಿ ಬಂದ ಉಡಾನ್ ಎರಡನೇ ಸುತ್ತಿನಲ್ಲಿ ಹುಬ್ಬಳ್ಳಿ ಇತ್ತು, ಬೆಳಗಾವಿ ಇರಲಿಲ್ಲ. ಬೆಳಗಾವಿಗೆ ಆಗಲೇ ವಿಮಾನ ಬರುತ್ತಿತ್ತಲ್ಲ! ಹುಬ್ಬಳ್ಳಿಯ ನಿಲ್ದಾಣವೂ ಅಷ್ಟರಲ್ಲಿ ದೊಡ್ಡದಾಗಿ ತಯಾರಾಗಿ ಕೂತಿತ್ತು. ಎರಡು ಊರಿನ ನಡುವೆ ರಸ್ತೆಯಲ್ಲಿ ಹೆಚ್ಚೆಂದರೆ ನೂರು ಕಿ.ಮೀ. ಒಂದು ಕಡೆ ಸಹಾಯಧನ, ಅಗ್ಗದ ಇಂಧನ. ಇನ್ನೊಂದು ಕಡೆ ಎರಡೂ ಇಲ್ಲ. 2018ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ತನ್ನ ವಿಮಾನಗಳನ್ನು ಬೆಳಗಾವಿಯಿಂದ ಹುಬ್ಬಳ್ಳಿಗೆ ತಿರುಗಿಸಿತು. ಇಂಡಿಗೊ ಕೂಡ ಅದೇ ವರ್ಷ ಹುಬ್ಬಳ್ಳಿಯಿಂದ ಹಲವು ಊರುಗಳಿಗೆ ಶುರುಮಾಡಿತು. ಹೊಸ ಟರ್ಮಿನಲ್ಲಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಬೆಳಗಾವಿ ಖಾಲಿ ಹೊಡೆಯತೊಡಗಿತು.

ಇದನ್ನು ಊರು ಊರಿನ ಜಗಳ ಅಂತ ಓದುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಕಂಪನಿ ಲಾಭ ಇರುವಲ್ಲಿ ಹೋಯಿತು. ಹುಬ್ಬಳ್ಳಿಯವರು ತಮಗೆ ಬೇಕಾದ್ದು ಕೇಳಿ ಪಡೆದರು. ಪಟ್ಟಿ ಮಾಡುವ ನಿಯಮ ಮಾತ್ರ ಒಂದೊಂದು ನಿಲ್ದಾಣವನ್ನು ಬಿಡಿಬಿಡಿಯಾಗಿ ನೋಡಿತು, ಪಕ್ಕದ ನಿಲ್ದಾಣಕ್ಕೆ ಏನಾಗುತ್ತದೆ ಅಂತ ನೋಡಲಿಲ್ಲ. ಹೆಂಗೋ ವಿಮಾನ ತಂದುಕೊಂಡಿದ್ದ ಊರಿಗೆ, ತಂದುಕೊಂಡದ್ದೇ ಮುಳುವಾಯಿತು.

ಬೆಳಗಾವಿಯಲ್ಲಿ ಗಲಾಟೆ ಎದ್ದಿತು. ಮನವಿಗಳು ದೆಹಲಿಗೆ ಹೋದವು. 2019ರ ಜನವರಿಯಲ್ಲಿ ಮೂರನೇ ಸುತ್ತು ಪ್ರಕಟವಾದಾಗ ಬೆಳಗಾವಿಯ ಹೆಸರಿಗೆ ಹದಿಮೂರು ರೂಟ್‌ಗಳು ಬಂದವು. ಬೋರ್ಡ್ ತುಂಬಿದ ಕಾಲ ಅದು. ಅಲಯನ್ಸ್ ಏರ್ ಪುಣೆಗೆ, ಸ್ಪೈಸ್‌ಜೆಟ್ ಹೈದರಾಬಾದ್‌ಗೆ, ಟ್ರೂಜೆಟ್ ಕಡಪ, ತಿರುಪತಿ, ಮೈಸೂರು ಕಡೆಗೆ. ಇವರೆಲ್ಲರಿಗಿಂತ ಹೆಚ್ಚು ಹರಡಿಕೊಂಡಿದ್ದು ಮಾತ್ರ ಸ್ಟಾರ್ ಏರ್.

ಸ್ಟಾರ್ ಏರ್ ಪಕ್ಕದ ಕೊಲ್ಹಾಪುರ ಕಡೆಯ ಸಂಜಯ್ ಘೋಡಾವತ್ ಸಮೂಹದ್ದು. 2019ರ ಜನವರಿಯಲ್ಲಿ ಬೆಂಗಳೂರು–ಹುಬ್ಬಳ್ಳಿಯಿಂದ ಹಾರಾಟ ಶುರುಮಾಡಿ, ಮೇ ತಿಂಗಳಲ್ಲಿ ಬೆಳಗಾವಿಗೆ ಬಂದು ಅಹಮದಾಬಾದ್‌ಗೆ ದಾರಿ ತೆರೆಯಿತು. ಆಮೇಲೆ ಇಂದೋರ್, ಮುಂಬೈ, ಸೂರತ್, ನಾಸಿಕ್, ಜೋಧಪುರ, ತಿರುಪತಿ, ನಾಗಪುರ. ಜೋಧಪುರಕ್ಕೆ ಬೆಳಗಾವಿಯಿಂದ ಯಾರು ಹೋಗುತ್ತಾರೆ ಅಂತ ನಗಾಡಿದವರಿದ್ದರು. ನಮ್ಮ ಪೇಟೆಯ ಬಟ್ಟೆ ಅಂಗಡಿ, ಹಾರ್ಡ್‌ವೇರ್ ಅಂಗಡಿಗಳ ಬೋರ್ಡ್ ಓದಿದರೆ ಉತ್ತರ ಸಿಗುತ್ತದೆ. ಜೊತೆಗೆ ಇದು ಸೈನ್ಯದ ಊರು. ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇಲ್ಲಿದೆ, ವಾಯುಪಡೆಯ ತರಬೇತಿ ಪಕ್ಕದಲ್ಲೇ ಇದೆ. ರಜೆ ಸಿಕ್ಕವನಿಗೆ ಎರಡು ದಿನದ ರೈಲು ಉಳಿದರೆ ಅಷ್ಟು ಹೊತ್ತು ಮನೆಯಲ್ಲಿ. ಸೂರತ್ ಅಂದರೆ ವಡಗಾವಿ, ಖಾಸಬಾಗದ ಸೀರೆ ಮಗ್ಗದವರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

ವಿಮಾನ ಸಣ್ಣದು. ಎಂಬ್ರಾಯರ್ 145, ಐವತ್ತು ಸೀಟು. ಒಳಗೆ ಹೋದರೆ ಒಂದು ಕಡೆ ಒಂಟಿ ಸೀಟು, ಇನ್ನೊಂದು ಕಡೆ ಜೋಡಿ ಸೀಟು, ನಡುವೆ ಸಂದಿ. ಎತ್ತರದವರು ತಲೆ ಬಗ್ಗಿಸಿಕೊಂಡೇ ನಡೆಯಬೇಕು. ನಾನು ಹೋದ ದಿನ ಒಂಟಿ ಸೀಟಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕುಂದಾ ಡಬ್ಬಿಯನ್ನು ತೊಡೆ ಮೇಲಿಂದ ಕೆಳಗಿಡಲು ಒಪ್ಪಲೇ ಇಲ್ಲ. ಗಗನಸಖಿ ಮೂರು ಸಲ ಕೇಳಿದರು. ಕೊನೆಗೆ ಅಜ್ಜಿ, ‘ತಂಗಿ, ಮಗನ ಮನಿಗೆ ಹೊಂಟೀನಿ, ಇದು ಉಲ್ಟಾ ಆದ್ರ ಏನ್ ಒಯ್ಲಿ?’ ಅಂದರು. ಡಬ್ಬಿ ಕಾಲಡಿ ಹೋಯಿತು, ಕೈ ಮಾತ್ರ ಮುಚ್ಚಳದ ಮೇಲೇ ಇತ್ತು.

2023ರಲ್ಲಿ ಇದೇ ಕಂಪನಿ 76 ಸೀಟಿನ ಎಂಬ್ರಾಯರ್ 175 ತಂದಿತು. ಇಂಡಿಗೊದ ಎಟಿಆರ್‌ನಲ್ಲಿ 78 ಸೀಟು. ಸರಿಯಾಗಿ ಎಂಬತ್ತರ ಕೆಳಗೆ ಬಂದು ನಿಲ್ಲುವ ಈ ಸಂಖ್ಯೆಗಳ ಹಿಂದೆ ಒಂದು ಹಳೇ ರಿಯಾಯಿತಿ ಇದೆ. 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ನಿಲ್ದಾಣದಲ್ಲಿ ಇಳಿಯುವ ಶುಲ್ಕ ಇಲ್ಲ. ನಮ್ಮ ಊರಿಗೆ ಯಾವ ಗಾತ್ರದ ವಿಮಾನ ಬರುತ್ತದೆ ಅನ್ನೋದರಲ್ಲಿ ಜನಸಂಖ್ಯೆಯಷ್ಟೇ ಪಾತ್ರ ಇಂಥ ಒಂದು ಸಾಲಿನದ್ದೂ ಇರುತ್ತದೆ.

ಹಾಗಾದರೆ ರೂಟ್‌ಗಳು ಯಾಕೆ ನಿಲ್ಲುತ್ತವೆ? ಕಾರಣ ಒಂದೇ ಅಲ್ಲ. ಕೋವಿಡ್ ಬಂತು. ಟ್ರೂಜೆಟ್ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು, ಮೈಸೂರಿನ ನೇರ ವಿಮಾನದ ಆಸೆಯೂ ಅದರ ಜೊತೆ ಹೋಯಿತು. ಸ್ಪೈಸ್‌ಜೆಟ್ ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿಕೊಂಡಿತು. ಇವೆಲ್ಲದರ ಅಡಿಯಲ್ಲಿ ಆ ಮೂರು ವರ್ಷದ ಗಡಿ ಇದ್ದೇ ಇದೆ. ಸರ್ಕಾರದ ಖರ್ಚು ಪರಿಶೀಲಿಸುವ ಮಹಾಲೇಖಪಾಲರು (ಸಿಎಜಿ) 2023ರಲ್ಲಿ ಕೊಟ್ಟ ವರದಿಯ ಅಂಕಿಗಳನ್ನು ನೋಡಿ. ಮೂರನೇ ಸುತ್ತಿನವರೆಗೆ ದೇಶದಲ್ಲಿ ಹಂಚಿದ 774 ರೂಟ್‌ಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ, 2023ರ ಮಾರ್ಚ್ ವೇಳೆಗೆ, ಉಳಿದುಕೊಂಡಿದ್ದು 54. ಹಂಚಿದ ನೂರು ರೂಟ್‌ಗಳಲ್ಲಿ ಏಳು ಅಂತಿಟ್ಟುಕೊಳ್ಳಿ. ಬೆಳಗಾವಿಯ ಬೋರ್ಡ್ ಈ ಲೆಕ್ಕದ ಪಕ್ಕದಲ್ಲಿಟ್ಟರೆ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ.

ಸೀಟು ತುಂಬಿದರೆ ವಿಮಾನ ಉಳಿಯುತ್ತದೆ ಅನ್ನೋದೂ ಪೂರ್ತಿ ನಿಜವಲ್ಲ. 2024ರ ಚಳಿಗಾಲದ ವೇಳಾಪಟ್ಟಿ ಬಂದಾಗ ಇಂಡಿಗೊದ ಒಂದು ಬೆಂಗಳೂರು ವಿಮಾನ ಅದರಲ್ಲಿ ಇರಲಿಲ್ಲ. ಜನ ತುಂಬಿ ಹೋಗುತ್ತಿದ್ದ ವಿಮಾನವನ್ನೇ ಯಾಕೆ ತೆಗೆದರು ಅಂತ ಊರೆಲ್ಲ ಕೇಳಿತು. ಬಸ್ಸಿಗಾದರೆ ಡಿಪೊ ಇರುತ್ತದೆ, ಆ ಬಸ್ಸು ಆ ಊರಿನದ್ದು. ವಿಮಾನ ಹಾಗಲ್ಲ. ಬೆಳಗಾವಿಗೆ ಬಂದು ಹೋಗುವ ಎರಡೂವರೆ ಗಂಟೆಯಲ್ಲಿ ಅದೇ ವಿಮಾನ ಇನ್ನೊಂದು ರೂಟಿನಲ್ಲಿ ಎರಡು ಪಟ್ಟು ದುಡಿಯುವುದಾದರೆ, ತುಂಬಿದ ಸೀಟಿಗೆ ಬೆಲೆಯಿಲ್ಲ. ಮುಂಬೈ, ಬೆಂಗಳೂರಿನಲ್ಲಿ ಇಳಿಯುವ ಸಮಯಕ್ಕೇ ಪೈಪೋಟಿ. ಆ ಸಮಯ ಸಿಕ್ಕವರು ಅದನ್ನು ಸಣ್ಣ ವಿಮಾನಕ್ಕೆ ಯಾಕೆ ಖರ್ಚು ಮಾಡುತ್ತಾರೆ? ಮಾರ್ಚ್ ಕೊನೆಗೆ ಒಂದು ವೇಳಾಪಟ್ಟಿ, ಅಕ್ಟೋಬರ್ ಕೊನೆಗೆ ಇನ್ನೊಂದು. ಸಣ್ಣ ಊರಿನ ವಿಮಾನಗಳು ಬರುವುದೂ ಹೋಗುವುದೂ ಈ ಎರಡು ತಿರುವಿನಲ್ಲೇ ಜಾಸ್ತಿ.

ವೇಳೆಯದ್ದೇ ಇನ್ನೊಂದು ಕಥೆ. ವಿಮಾನ ರಾತ್ರಿ ಬೆಂಗಳೂರಿನಲ್ಲಿ ನಿಂತರೆ ಬೆಳಿಗ್ಗೆ ಅಲ್ಲಿಂದ ಹೊರಟು ಇಲ್ಲಿಗೆ ಬರಬೇಕು, ಆಮೇಲೆ ನಮ್ಮವರು ಹತ್ತಬೇಕು. ದೇವನಹಳ್ಳಿಯಲ್ಲಿ ಇಳಿದು ಊರೊಳಗೆ ಸೇರುವಷ್ಟರಲ್ಲಿ ಕಚೇರಿಗಳಲ್ಲಿ ಊಟದ ಹೊತ್ತು. ಅದೇ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಅಥವಾ ಸ್ಲೀಪರ್ ಬಸ್ಸು ರಾತ್ರಿ ಮಲಗಿಸಿಕೊಂಡು ಹೋಗಿ ಬೆಳಿಗ್ಗೆ ಮೆಜೆಸ್ಟಿಕ್ ಸುತ್ತ ಇಳಿಸುತ್ತದೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರು–ಬೆಳಗಾವಿ ವಂದೇ ಭಾರತ್ ರೈಲೂ ಶುರುವಾಯಿತು. ಪೈಪೋಟಿ ಹುಬ್ಬಳ್ಳಿಯೊಂದರದ್ದೇ ಅಂತ ನೋಡುತ್ತಿರುವವರು ಇವನ್ನೂ, ಗೋವಾದ ಎರಡು ನಿಲ್ದಾಣಗಳನ್ನೂ, ಕೊಲ್ಹಾಪುರವನ್ನೂ ಎಣಿಸಬೇಕು.

ನಮ್ಮ ಮನೆಯಲ್ಲೇ ಆದದ್ದು. ಅತ್ತೆಯ ಮಗಳ ಮದುವೆ ಮಾತುಕತೆಗೆ ಉತ್ತರದ ಒಂದು ಊರಿಗೆ ನಾಲ್ಕು ಟಿಕೆಟ್ ಮಾಡಿಸಿದ್ದೆವು. ಹೊರಡುವ ಮೂರು ದಿನ ಮೊದಲು ಮೊಬೈಲಿಗೆ ಮೆಸೇಜ್: ‘ಕಾರ್ಯಾಚರಣೆಯ ಕಾರಣ’ಕ್ಕೆ ವಿಮಾನ ರದ್ದು. ಕಂಪನಿಯ ಹೆಸರು ಬೇಡ. ಹಣ ವಾಪಸ್ ಬಂತು. ಮಾವ ಮಾತ್ರ ಆವತ್ತಿನಿಂದ ಯಾವ ಕಂಪನಿಯ ಮಾತೆತ್ತಿದರೂ ‘ಮೊದಲು ರೈಲಿನ ಟಿಕೆಟ್ ಮಾಡಿಸು, ಆಮೇಲೆ ಇಮಾನದ ಮಾತು’ ಅನ್ನುತ್ತಾರೆ. ಒಂದು ರೂಟ್ ಒಂದೆರಡು ಸಲ ಹೀಗೆ ಕೈಕೊಟ್ಟರೆ ಜನ ಬುಕ್ ಮಾಡುವುದನ್ನೇ ಬಿಡುತ್ತಾರೆ. ಜನ ಇಲ್ಲ ಅಂತ ಆಮೇಲೆ ರೂಟ್ ನಿಲ್ಲುತ್ತದೆ. ಅಂಕಿಯಲ್ಲಿ ಕಾಣುವುದು ಎರಡನೆಯದು ಮಾತ್ರ.

ಇಷ್ಟರ ನಡುವೆ ಕಟ್ಟಡದ ಕೆಲಸ ನಿಂತಿಲ್ಲ. 2024ರ ಮಾರ್ಚ್ 10ರಂದು ಬೆಳಗಾವಿ, ಹುಬ್ಬಳ್ಳಿ ಎರಡೂ ಕಡೆ ಇನ್ನೂ ದೊಡ್ಡ ಟರ್ಮಿನಲ್‌ಗಳಿಗೆ ಒಂದೇ ದಿನ ಶಂಕುಸ್ಥಾಪನೆಯಾಯಿತು. 2025ರ ಕೇಂದ್ರ ಬಜೆಟ್‌ನಲ್ಲಿ ಉಡಾನ್‌ನ ಹೊಸ ರೂಪ ಬಂತು: ಹತ್ತು ವರ್ಷದಲ್ಲಿ 120 ಹೊಸ ಊರುಗಳು, 4 ಕೋಟಿ ಪ್ರಯಾಣಿಕರು. ಹಳೇ ಊರುಗಳಲ್ಲಿ ಸಹಾಯಧನ ಮುಗಿದ ರೂಟ್‌ಗಳನ್ನು ಹೇಗೆ ಉಳಿಸಿಕೊಳ್ಳುವುದು ಅನ್ನೋ ಮಾತು ಅಷ್ಟು ಜೋರಾಗಿ ಕೇಳಿಸುವುದಿಲ್ಲ. ಗೋಡೆ ಕಟ್ಟಲು ದುಡ್ಡು ಬೇಗ ಹುಟ್ಟುತ್ತದೆ. ಅದನ್ನು ಉದ್ಘಾಟನೆ ಮಾಡಬಹುದಲ್ಲ.

ಹೋದ ಸಲ ಸಾಂಬ್ರಾದಿಂದ ಊರೊಳಗೆ ಬರುವಾಗ ಆಟೊದವರನ್ನು ಸುಮ್ನೆ ಕೇಳಿದೆ, ಈಗ ಎಷ್ಟು ವಿಮಾನ ಬರುತ್ತವೆ ಅಂತ. ‘ಇವತ್ತಿಂದ ಹೇಳ್ಲಿ, ನಾಳಿಂದ ಹೇಳ್ಲಿ ಸರ್?’ ಅಂದರು. ಮೀಟರಿನ ಪಕ್ಕ ರಬ್ಬರ್ ಬ್ಯಾಂಡ್ ಹಾಕಿ ಸಿಗಿಸಿದ್ದ ಚೀಟಿ ತೆಗೆದು ತೋರಿಸಿದರು. ವಾರದ ಏಳು ದಿನ, ಒಂದೊಂದರ ಮುಂದೆ ಊರಿನ ಹೆಸರು, ಹೊತ್ತು. ಎಲ್ಲಾ ಪೆನ್ಸಿಲ್‌ನಲ್ಲಿ ಬರೆದದ್ದು.